ಪ್ರೇಮಲೀಲಮ್ಮನವರ ಲಿಂಗ ಹುಡುಕಿದ್ದು

ಕುವೆಂಪುನಗರದ ನಮ್ಮ ಪಾರ್ಕಿನ ಗೇಟಿನಲ್ಲಿ ಒಂದು ಬೋರ್ಡಿದೆ. ಹೂವು ಕೀಳಬಾರದು, ನಾಯಿ ತರಬಾರದು ಎಂಬ ಎರಡು ಸಾಲು ಊರಿನ ಎಲ್ಲ ಪಾರ್ಕಿನಲ್ಲೂ ಇರುವಂಥವೇ. ಮೂರನೆಯ ಸಾಲು ಮಾತ್ರ ಇನ್ನೆಲ್ಲೂ ಇರಲಾರದು: ‘ಮೆಟಲ್ ಡಿಟೆಕ್ಟರ್ ಬಳಸುವುದನ್ನೂ ನೆಲ ಅಗೆಯುವುದನ್ನೂ ಕಡ್ಡಾಯವಾಗಿ ನಿಷೇಧಿಸಲಾಗಿದೆ.’ ಇದನ್ನು ಬರೆಸಿದ್ದು ಒಬ್ಬರೇ ಒಬ್ಬರಿಗಾಗಿ. ಆ ಮಹಾನುಭಾವರು ದಿನಾ ಮೂರು ಹೊತ್ತು ನನ್ನ ಕೈಯಡುಗೆ ಉಣ್ಣುತ್ತಾರೆ.

ನಮ್ಮ ಯಜಮಾನರು ಮಹದೇವು ದೂರವಾಣಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ನೆಲದೊಳಗಿನ ಕೇಬಲ್ಲು ಹುಡುಕಿದವರು. ರಿಟೈರಾದ ಮೇಲೆ ಬೇರೆಯವರು ವಾಕಿಂಗು, ಭಜನೆ, ಷೇರು ಎಂದು ಏನೋ ಒಂದು ಹಚ್ಚಿಕೊಂಡರೆ ಇವರು ಆನ್‌ಲೈನಿನಲ್ಲಿ ಒಂದು ಮಿಷನ್ನು ತರಿಸಿಕೊಂಡರು. ಉದ್ದನೆಯ ಕೋಲು, ತುದಿಯಲ್ಲಿ ಊಟದ ತಟ್ಟೆಯಷ್ಟಗಲದ ಬಿಲ್ಲೆ, ಹಿಡಿಯ ಹತ್ತಿರ ತಿರುಗಿಸುವ ಎರಡು ಗುಂಡಿ. ನೆಲದ ಮೇಲೆ ಆಡಿಸಿದರೆ, ಕೆಳಗೆ ಲೋಹವಿದ್ದ ಕಡೆ ಕೂಗುತ್ತದೆ. ಎರಡು ವರ್ಷದಲ್ಲಿ ಇವರು ಪಾರ್ಕಿನಿಂದ ಮನೆಗೆ ತಂದ ನಿಧಿ ಇಷ್ಟು: ಎರಡು ಡಬ್ಬ ಸೋಡಾ ಮುಚ್ಚಳ, ಹನ್ನೊಂದು ಬೀಗದ ಕೈ, ಸ್ಕೂಟರಿನ ನಟ್ಟು ಬೋಲ್ಟು, ಒಂದು ತುಕ್ಕು ಹಿಡಿದ ಕತ್ತರಿ. ಎಲ್ಲವನ್ನೂ ತೊಳೆದು ಟೆರೇಸಿನಲ್ಲಿ ಒಣಗಿಸಿ ಹೆಸರು ಬರೆದು ಇಡುತ್ತಿದ್ದರು. ಒರೆಸುವ ಕೆಲಸ ನನ್ನದು.

ತೋಡಿದ ಗುಂಡಿಯನ್ನು ಇವರು ಮುಚ್ಚುತ್ತಿದ್ದರು, ಇಲ್ಲವೆನ್ನುವುದಿಲ್ಲ. ಒಂದು ದಿನ ಮಾತ್ರ ಯಾರದೋ ಫೋನು ಬಂತೆಂದು ಒಂದನ್ನು ಹಾಗೇ ಬಿಟ್ಟು ಬಂದರು. ಆ ಗುಂಡಿಗೆ ಕಾಲಿಟ್ಟು ಬಿದ್ದವರು ಬೇರೆ ಯಾರೂ ಅಲ್ಲ, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ ವಿಶ್ವನಾಥ್. ಪಾದ ಉಳುಕಿ ಒಂದೂವರೆ ತಿಂಗಳು ಪಟ್ಟಿ ಕಟ್ಟಿಕೊಂಡು ಓಡಾಡಿದರು. ಪಟ್ಟಿ ಬಿಚ್ಚಿದ ವಾರವೇ ಬೋರ್ಡು ಬಂತು. ಅಲ್ಲಿಂದ ಎಂಟು ತಿಂಗಳು ಇಬ್ಬರೂ ಮಾತಿಲ್ಲ. ಎದುರಾದರೆ ಒಬ್ಬರು ಮರ ನೋಡುವುದು, ಇನ್ನೊಬ್ಬರು ಆಕಾಶ ನೋಡುವುದು. ಅರವತ್ತು ದಾಟಿದ ಗಂಡಸರು!

ಹೋದ ತಿಂಗಳ ಒಂದು ಸೋಮವಾರ, ಹನ್ನೆರಡು ಗಂಟೆಯ ಹೊತ್ತಿಗೆ ವಿಶ್ವನಾಥರ ಹೆಂಡತಿ ಸುಷ್ಮಾ ನಮ್ಮ ಮನೆಗೆ ಬಂದಳು. ಮುಖ ಬಾಡಿಹೋಗಿತ್ತು.

“ಚಲುವಕ್ಕ, ನಮ್ಮತ್ತೆ ಲಿಂಗ ಕಳ್ಕೊಂಡ್ಬುಟ್ಟಿದಾರೆ,” ಎಂದಳು. “ಬೆಳಿಗ್ಗೆ ಪಾರ್ಕಲ್ಲಿ ವಾಕ್ ಮಾಡ್ಬೇಕಾದ್ರೆ ಬಿದ್ದೋಗಿದೆ. ರಾತ್ರಿ ಊಟ ಮಾಡಿದ್ದೇ ಕೊನೆ. ಒಂದು ಗುಟುಕು ನೀರೂ ಕುಡಿದಿಲ್ಲ.”

ನಾನು ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. ಸುಷ್ಮಾಳ ಅತ್ತೆ ಪ್ರೇಮಲೀಲಮ್ಮನವರಿಗೆ ಎಂಬತ್ತೆರಡು ವರ್ಷ, ಸಕ್ಕರೆ ಕಾಯಿಲೆ. ಅವರು ಹುಟ್ಟಿದಾಗ ಕೊರಳಿಗೆ ಕಟ್ಟಿದ ಲಿಂಗ ಅದು. ಕರಡಿಗೆ ಎನ್ನುವ ಬೆಳ್ಳಿಯ ಪುಟ್ಟ ಡಬ್ಬಿಯಲ್ಲಿಟ್ಟು, ದಾರದಲ್ಲಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ದಿನಾ ಅಂಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ಏನೂ ಹಾಕುವವರಲ್ಲ. ಕಾಯಿಲೆ ಮಲಗಿದಾಗಲೂ ಆ ನೇಮ ತಪ್ಪಿಸಿದವರಲ್ಲ. ಈಗ ಲಿಂಗವೇ ಇಲ್ಲವೆಂದರೆ ಪೂಜೆ ಇಲ್ಲ, ಪೂಜೆ ಇಲ್ಲವೆಂದರೆ ಅನ್ನ ನೀರು ಮಾತ್ರೆ ಒಂದೂ ಇಲ್ಲ.

“ಮಠದ ಸ್ವಾಮಿಗಳಿಗೆ ಫೋನ್ ಮಾಡಿಸಿದ್ವಿ. ಬೇರೆ ಲಿಂಗ ಕಟ್ತೀವಿ, ದೋಷ ಇಲ್ಲ ಅಂತ ಅವರೇ ಹೇಳಿದ್ರು. ಇವರು ಕೇಳಬೇಕಲ್ಲ. ಹೊಸದು ಕಟ್ಟಿಸ್ಕೊಳ್ಳೋಕೆ ನಾನೇನು ಇವತ್ತು ಹುಟ್ಟಿದೀನಾ ಅಂತಾರೆ. ಡಾಕ್ಟರು ಬಂದು ನೋಡಿ, ಸಂಜೆ ದಾಟಿದ್ರೆ ಕಷ್ಟ ಅಂದ್ರು. ಡ್ರಿಪ್ ಹಾಕಿಸ್ಕೊಳ್ಳೋಕೂ ಕೈ ಕೊಡ್ತಿಲ್ಲ.” ಸುಷ್ಮಾ ಹಜಾರದ ಮೂಲೆಯಲ್ಲಿ ಒರಗಿದ್ದ ಮಿಷನ್ನನ್ನು ನೋಡಿದಳು. “ನಾನು ಬಂದಿರೋದು ನಮ್ಮನೆಯವರಿಗೆ ಗೊತ್ತಿಲ್ಲ.”

ನಮ್ಮ ಯಜಮಾನರು ಪೇಪರ್ ಮಡಿಸಿದರು. “ಬೋರ್ಡ್ ಹಾಕಿದೋರೇ ಬಂದು ಕೇಳ್ಲಿ. ಬರವಣಿಗೇಲಿ ಪರ್ಮಿಷನ್ ಕೊಡ್ಲಿ. ನಾನು ಕಾನೂನು ಮೀರೋನಲ್ಲ.”

ಎಂಟು ತಿಂಗಳಿಂದ ಯಾವ ಕಾನೂನಿಗೆ ದಿನಾ ಶಾಪ ಹಾಕುತ್ತಿದ್ದರೋ ಅದರ ಮೇಲೆ ಇವರಿಗೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

“ಸರಿ, ನೀವು ಕಾನೂನು ಕಾಯ್ಕೊಂಡು ಇಲ್ಲೇ ಕೂತಿರಿ,” ಎಂದೆ. “ಆಯಮ್ಮನಿಗೆ ಏನಾದ್ರೂ ಆದ್ರೆ ನೀವೂ ಅವರೂ ಸೇರಿ ಬರವಣಿಗೇಲೇ ಸಂತಾಪ ಸೂಚಿಸಿ.”

ಮಿಷನ್ನನ್ನು ಹೆಗಲಿಗೇರಿಸಿ ಹೊರಟೇಬಿಟ್ಟೆ. ಅದನ್ನು ಹೇಗೆ ಆನ್ ಮಾಡುವುದೆಂದೂ ನನಗೆ ಗೊತ್ತಿರಲಿಲ್ಲ. ಗೇಟು ದಾಟುವಷ್ಟರಲ್ಲಿ ಹಿಂದಿನಿಂದ ಚಪ್ಪಲಿ ಸದ್ದು ಕೇಳಿತು. “ಅಂಗೆ ತಲೆಕೆಳಗೆ ಹಿಡೀಬೇಡ ಕಣೆ, ವೈರ್ ಕಿತ್ಕೋತದೆ,” ಎನ್ನುತ್ತ ಇವರು ಓಡಿ ಬಂದರು. ನಾನು ತಿರುಗಿ ನೋಡಲಿಲ್ಲ. ಬರುತ್ತಾರೆಂದು ಗೊತ್ತಿತ್ತು.

ಪಾರ್ಕಿನ ಗೇಟಿನಲ್ಲಿ, ಬೋರ್ಡಿನ ಪಕ್ಕದಲ್ಲೇ, ವಿಶ್ವನಾಥ್ ನಿಂತಿದ್ದರು. ಬೆಳಗಿನಿಂದ ಹುಲ್ಲಿನ ಮೇಲೆ ಮಂಡಿಯೂರಿ ಹುಡುಕಿದ್ದಕ್ಕೆ ಪ್ಯಾಂಟಿನ ಎರಡೂ ಮಂಡಿ ಹಸಿರಾಗಿತ್ತು, ಕಣ್ಣು ಕೆಂಪಾಗಿತ್ತು. ಆದರೂ ಕೈ ಅಡ್ಡ ಇಟ್ಟರು.

“ಮಿಷನ್ ಒಳಗೆ ತರಂಗಿಲ್ಲ ಚಲುವಮ್ಮನೋರೆ. ಐದು ಗಂಟೆಗೆ ಸಂಘದ ತುರ್ತು ಸಭೆ ಕರೆದಿದೀನಿ. ಅಲ್ಲಿ ತೀರ್ಮಾನ ಆಗ್ಲಿ. ತನ್ನ ತಾಯಿಗೊಂದು ರೂಲ್ಸು, ಊರಿಗೊಂದು ರೂಲ್ಸು ಮಾಡ್ದ ಅಂತ ನಾಳೆ ಯಾರೂ ನನ್ನ ಕಡೆ ಬೆರಳು ತೋರಿಸಬಾರದು.”

“ಸಭೆ ಅಂದ್ರಲ್ಲ, ನಿಮ್ಮಮ್ಮನ ಸಕ್ಕರೆ ಕಾಯಿಲೆಗೂ ನೋಟೀಸ್ ಕೊಟ್ಟಿದೀರಾ? ಐದು ಗಂಟೆ ತನಕ ಸುಮ್ನಿರು ಅಂತ?”

ಅವರು ಅಡ್ಡ ಇಟ್ಟ ಕೈ ಇಳಿಸಲಿಲ್ಲ. ಆ ಮನುಷ್ಯ ಕೆಟ್ಟವರಲ್ಲ. ಕಾಲೇಜಿನ ಆಫೀಸಿನಲ್ಲಿ ಮೂವತ್ತು ವರ್ಷ ಸಹಿ ಇಲ್ಲದೆ ಒಂದು ಕಾಗದವನ್ನೂ ಆ ಕಡೆಯಿಂದ ಈ ಕಡೆಗೆ ಬಿಟ್ಟವರಲ್ಲ, ಅಷ್ಟೇ. ಆದರೆ ಅವತ್ತು ಅವರ ಒಳ್ಳೆಯತನವನ್ನು ಲೆಕ್ಕ ಹಾಕುತ್ತ ಕೂರುವಷ್ಟು ತಾಳ್ಮೆ ನನಗಿರಲಿಲ್ಲ.

“ನಾನು ಒಳಗೆ ಹೋಗ್ತಿದೀನಿ. ಪೊಲೀಸರಿಗೆ ಫೋನ್ ಮಾಡಿ. ಹೆಸರು ಚಲುವಮ್ಮ, ಗಂಡನ ಹೆಸರು ಮಹದೇವು, ಮನೆ ನಂಬರು ನಿಮಗೇ ಗೊತ್ತು.”

ಒಳಗೆ ಹೋದೆ. ಇವರೂ ನನ್ನ ಹಿಂದೆಯೇ ಬಂದರು. ವಿಶ್ವನಾಥ್ ಜೇಬಿನಿಂದ ಫೋನು ತೆಗೆದರು, ನೋಡಿದರು, ಮತ್ತೆ ಜೇಬಿಗೆ ಹಾಕಿಕೊಂಡರು. “ಅಗೆಯೋದು ಮಾತ್ರ ಬೇಡ,” ಎಂದರು, ಮೆಲ್ಲಗೆ.

ನಮ್ಮ ಯಜಮಾನರು ಗುಂಡಿಗಳನ್ನು ತಿರುಗಿಸಿ, ಮಿಷನ್ನು ಬೆಳ್ಳಿಗೆ ಮಾತ್ರ ಕೂಗುವ ಹಾಗೆ ಮಾಡಿಕೊಂಡರು. ಪ್ರೇಮಲೀಲಮ್ಮನವರು ದಿನಾ ನಡೆಯುವುದು ಪಾರ್ಕಿನ ಸುತ್ತಲಿನ ಕಲ್ಲುಹಾಸಿನ ಮೇಲೆ, ನಾಲ್ಕು ಸುತ್ತು. ಅದರ ಎರಡೂ ಅಂಚಿನಲ್ಲಿ ಇವರು ಅಳತೆ ಹಾಕಿದಂತೆ ಬಿಲ್ಲೆಯನ್ನು ಆಡಿಸುತ್ತ ಹೋದರು. ಬಿಸಿಲು ನೆತ್ತಿಯ ಮೇಲಿತ್ತು. ಊಟ ಮುಗಿಸಿ ಬಂದವರು, ಹಾದಿಯಲ್ಲಿ ಹೋಗುತ್ತಿದ್ದವರು ಒಬ್ಬೊಬ್ಬರಾಗಿ ಬಂದು ನೆರಳಲ್ಲಿ ನಿಂತರು. ಒಮ್ಮೆ ಮಿಷನ್ನು ಚೆನ್ನಾಗಿಯೇ ಕೂಗಿತು. ಹುಲ್ಲು ಸರಿಸಿದರೆ ಯಾರದೋ ಕಾಲುಂಗುರ. ಎರಡು ಸುತ್ತು ಮುಗಿಯಿತು. ಮೂರೂ ಮುಗಿಯಿತು. ಗಂಟೆ ಮೂರು ದಾಟಿತ್ತು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಪಾರ್ಕಿನ ಎದುರಿನ ಮನೆಯೇ ಅವರದು. ಹೋದೆ.

ಪ್ರೇಮಲೀಲಮ್ಮನವರು ಕಿಟಕಿಯ ಪಕ್ಕ ಚಾಪೆಯ ಮೇಲೆ ಮಲಗಿದ್ದರು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಹಣೆಯಲ್ಲಿ ಅವತ್ತು ವಿಭೂತಿ ಇರಲಿಲ್ಲ. ವಿಭೂತಿ ಇಲ್ಲದ ಅವರ ಹಣೆಯನ್ನು ನಾನು ನೋಡಿದ್ದು ಅದೇ ಮೊದಲು. ನನ್ನನ್ನು ನೋಡಿ ಸುಷ್ಮಾಗೆ ಕೈಸನ್ನೆ ಮಾಡಿ ಆಚೆಗೆ ಕಳಿಸಿದರು.

“ಚಲುವಿ, ಮಹದೇವು ಬಿಸಿಲಲ್ಲಿ ಬೇಯೋದು ಬೇಡ. ಮನೆಗೆ ಹೋಗಕ್ಕೇಳು. ಆ ಮಿಷನ್ನಿಗೆ ಅದು ಸಿಗಾಕಿಲ್ಲ.”

“ಯಾಕಮ್ಮಾ ಅಂಗಂತೀರಾ?”

ಅವರು ಗೋಡೆಯ ಕಡೆ ಮುಖ ಮಾಡಿ ಹೇಳಿದರು. “ಕರಡಿಗೆ ಅಲ್ಲಿಲ್ಲ ಕಣೆ. ಲಷ್ಕರ್ ಮೊಹಲ್ಲಾದಲ್ಲಿ ಬೆಳ್ಳಿ ಕೆಲಸ ಮಾಡೋನ ಹತ್ರ ಐತೆ. ಮುಚ್ಚಳದ ಕೀಲು ಹೋಗಿತ್ತು. ಶನಿವಾರ ಯಾರಿಗೂ ಹೇಳ್ದೆ ಆಟೋ ಮಾಡ್ಕೊಂಡು ಹೋಗಿ ಕೊಟ್ಬಂದೆ. ಲಿಂಗಾನ ಬಿಳೀ ಬಟ್ಟೇಲಿ ಸುತ್ತಿ, ಒಂದು ಪಿನ್ನು ಚುಚ್ಚಿ, ದಾರಕ್ಕೆ ಕಟ್ಕೊಂಡಿದ್ದೆ. ಗಂಟು ಬಿಚ್ಕೊಂಡದೆ.”

“ಬೆಳಿಗ್ಗೆಯಿಂದ ಬೆಳ್ಳಿ ಬೆಳ್ಳಿ ಅಂತ ಎಲ್ರೂ ಹುಡುಕ್ತಾವ್ರೆ. ಒಂದು ಮಾತು ಹೇಳೋಕಾಗ್ಲಿಲ್ವಾ?”

“ಎಂಗೆ ಹೇಳ್ಲಿ? ಕೀಲು ಸಡ್ಲ ಆಗದೆ, ಕೊಡಮ್ಮ ನಾನೇ ಮಾಡಿಸ್ಕಂಡು ಬರ್ತೀನಿ ಅಂತ ವಿಶ್ವ ಆರು ತಿಂಗಳಿಂದ ಬಡ್ಕೋತಿದ್ದ. ನಿನ್ನ ಕೆಲಸ ನೀನು ನೋಡ್ಕೋ ಅಂದಿದ್ದೆ. ಈಗ ಕದ್ದು ಹೋಗಿ ಕೊಟ್ಟು, ಬಟ್ಟೇಲಿ ಕಟ್ಕೊಂಡು, ಬೀಳಿಸ್ಕೊಂಡೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಎಂಬತ್ತೆರಡು ವರ್ಷ ಕಾಪಾಡ್ಕೊಂಡು ಬಂದು ಈಗ ಮಗನ ಮುಂದೆ ತಲೆ ತಗ್ಗಿಸ್ಲಾ?”

ಅವರ ಕಣ್ಣಿಂದ ನೀರು ಬರುತ್ತಿತ್ತು. ಮೈಯಲ್ಲಿ ಅಷ್ಟಾದರೂ ನೀರಿದೆಯಲ್ಲ ಎಂದು ನನಗೆ ಸಮಾಧಾನವಾಯಿತು. ಪ್ರೀತಿ ಬಂದಾಗಲೂ ನನಗೆ ಬಾಯಿಗೆ ಬರುವುದು ಬೈಗುಳವೇ.

“ನಾಚಿಕೆ ಮಾಡ್ಕೊಂಡು ಸಾಯೋ ವಯಸ್ಸೇನಮ್ಮಾ ಇದು? ಇಲ್ಲೇ ಸುಮ್ನೆ ಮಲಗಿರಿ. ನಾನು ಬರೋತನಕ ಕಣ್ಣು ಮುಚ್ಚಿದ್ರೆ ನೋಡಿ ಮತ್ತೆ.”

ಪಾರ್ಕಿಗೆ ಓಡಿ ಬಂದು ಇವರಿಗೆ ಹೇಳಿದೆ. ಇವರು ಕಲ್ಲುಬೆಂಚಿನ ಮೇಲೆ ಕುಸಿದು ಕೂತರು. “ಬಟ್ಟೇಲಿ ಪಿನ್ನು? ಮೂರು ಗಂಟೆ ಹೊತ್ತು ಪಿನ್ನು ಮೊಳೆಗೆಲ್ಲ ಬಾಯಿ ಕಟ್ಟಿ ಇಟ್ಟಿದೀನಲ್ಲೇ. ಅದರ ಮೇಲೇ ಹಾದು ಹೋಗಿದ್ರೂ ಕೂಗಿರಲ್ಲ. ಈಗ ಬಾಯಿ ಬಿಚ್ಚಿದ್ರೆ ಈ ಪಾರ್ಕಲ್ಲಿರೋ ಸಾವಿರ ಸೋಡಾ ಮುಚ್ಚಳಾನೂ ಕೂಗ್ತವೆ.”

ಗಂಡಸರು ಕಳೆದ ಜಾಗದಲ್ಲೇ ಹುಡುಕುತ್ತಾರೆ. ನಾನು ನಲವತ್ತು ವರ್ಷ ಮನೆ ಗುಡಿಸಿದವಳು. ಬೆಳಿಗ್ಗೆ ಆರಕ್ಕೆ ನೆಲಕ್ಕೆ ಬಿದ್ದದ್ದು ಏಳಕ್ಕೆ ಪೊರಕೆಗೆ ಸಿಕ್ಕಿರುತ್ತದೆ ಎಂಬುದನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಪಾರ್ಕಿನ ಮಾಲಿ ರಾಮಯ್ಯನನ್ನು ಕರೆದೆ.

“ರಾಮಯ್ಯ, ಬೆಳಿಗ್ಗೆ ಕಲ್ಲುಹಾಸು ಗುಡಿಸಿದ್ಯಾ?”

“ಗುಡಿಸ್ದೆ ಕಣವ್ವ. ಲಿಂಗ ಬಿದ್ದದೆ ಅಂತ ಆಮ್ಯಾಕೆ ಗೊತ್ತಾಯ್ತು. ಆದ್ರೂ ಬೆಳ್ಳಿ ಗಿಳ್ಳಿ ಏನೂ ಹೊಳೀಲಿಲ್ವಲ್ಲ. ಎಲೆ ಎಲ್ಲಾ ಬಾಚಿ ಗೊಬ್ಬರದ ಗುಂಡಿಗೆ ಸುರಿದ್ಬುಟ್ಟೆ. ನೀರು ಬಿಟ್ಟು ಮಗುಚಿಯೂ ಆಯ್ತು.”

ಗೊಬ್ಬರದ ಗುಂಡಿ ಪಾರ್ಕಿನ ಹಿಂದಿನ ಮೂಲೆಯಲ್ಲಿದೆ. ಆಳು ಮುಳುಗುವಷ್ಟು ಆಳವಿಲ್ಲ, ಸೊಂಟದವರೆಗೆ ಬರುತ್ತದೆ. ಎಲೆ, ಕಡ್ಡಿ, ಕಡಲೆಕಾಯಿ ಸಿಪ್ಪೆ, ಮುಚ್ಚಳ, ಗುಟ್ಕಾ ಚೀಟಿ ಎಲ್ಲ ಕೊಳೆತು ಒಂದಾಗಿತ್ತು. ಅಷ್ಟರಲ್ಲಿ ವಿಶ್ವನಾಥರೂ ಅಲ್ಲಿಗೆ ಬಂದರು. ನಾನು ಸುತ್ತಿ ಬಳಸಿ ಮಾತಾಡಲಿಲ್ಲ.

“ಲಿಂಗ ಕರಡಿಗೇಲಿಲ್ಲ, ಬಿಳೀ ಬಟ್ಟೇಲಿದೆ. ಯಾಕೆ ಅಂತ ಇವತ್ತು ಕೇಳ್ಬೇಡಿ. ಇರೋದಾದ್ರೆ ಇಲ್ಲೇ ಇದೆ.”

“ಅಗೀಬೇಕಾಗ್ತದೆ,” ಎಂದರು ನಮ್ಮ ಯಜಮಾನರು. ಎಂಟು ತಿಂಗಳಲ್ಲಿ ಅವರ ಮುಖ ನೋಡಿ ಆಡಿದ ಮೊದಲ ಮಾತು.

ವಿಶ್ವನಾಥ್ ಒಮ್ಮೆ ಗುಂಡಿಯನ್ನು ನೋಡಿದರು, ಒಮ್ಮೆ ಸುತ್ತ ನಿಂತಿದ್ದ ಜನರನ್ನು ನೋಡಿದರು. ಪ್ಯಾಂಟು ಮಡಿಸಿ, ರಾಮಯ್ಯನ ಕೈಯಿಂದ ಸಲಿಕೆ ಕಿತ್ತುಕೊಂಡು ತಾವೇ ಇಳಿದರು.

ಕೆಲಸ ಹೀಗೆ ಸಾಗಿತು. ಸಂಘದ ಹಳೆಯ ಫ್ಲೆಕ್ಸೊಂದನ್ನು ನೆಲದ ಮೇಲೆ ಹಾಸಿದೆವು. ವಿಶ್ವನಾಥ್ ಸಲಿಕೆಯಲ್ಲಿ ಬುಟ್ಟಿ ತುಂಬುವುದು, ರಾಮಯ್ಯ ತಂದು ಸುರಿದು ತೆಳ್ಳಗೆ ಹರಡುವುದು, ಅದರ ಮೇಲೆ ಮಿಷನ್ನು ಆಡಿಸುವುದು, ಕೂಗಿದ ಕಡೆ ಕೈ ಹಾಕಿ ನೋಡುವುದು. ಮಿಷನ್ನು ಈಗ ಎಲ್ಲಕ್ಕೂ ಕೂಗುತ್ತಿತ್ತು. ಮೊದಲ ಬುಟ್ಟಿಯಲ್ಲೇ ಒಂಬತ್ತು ಮುಚ್ಚಳ ಸಿಕ್ಕವು. ಈ ಲೆಕ್ಕದಲ್ಲಿ ಮುಗಿಯುವ ಹೊತ್ತಿಗೆ ನಾಳೆ ಬೆಳಗಾಗುತ್ತಿತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಇವರು ಮುಖ ಕಿವುಚುತ್ತಿದ್ದರು. ಇವರ ಕಿವಿ ಮೊದಲಿನಂತಿಲ್ಲ, ಮನೆಯಲ್ಲಿ ಕುಕ್ಕರು ನಾಲ್ಕು ಸಲ ಕೂಗಿದರೂ ಎರಡು ಎನ್ನುತ್ತಾರೆ.

“ಇಲ್ಲಿ ಕೊಡಿ,” ಎಂದೆ.

“ನಿನಗೇನು ಗೊತ್ತಾಗ್ತದೆ?”

“ಪಿನ್ನು ನನಗೆ ಗೊತ್ತಾಗದೆ ನಿಮಗೆ ಗೊತ್ತಾಗ್ತದಾ?”

ಎರಡು ವರ್ಷದಿಂದ ಟೆರೇಸಿನಲ್ಲಿ ಇವರು ಮಿಷನ್ನು ಪರೀಕ್ಷೆ ಮಾಡುವಾಗಲೆಲ್ಲ ನಾನು ಬಟ್ಟೆ ಒಣಗಿಸಲು ಪಕ್ಕಕ್ಕೆ ಹೋಗುವುದು, ನನ್ನ ಬಳೆಯಲ್ಲಿ ನೇತಾಡುವ ಪಿನ್ನುಗಳಿಗೆ ಅದು ಕೂಗುವುದು, ಇವರು ನನ್ನನ್ನು ಗದರುವುದು, ಇದೇ ನಡೆದು ಬಂದಿತ್ತು. ಮುಚ್ಚಳದ ಕೂಗು ಅಗಲ, ಎಳೆದೆಳೆದು ಬರುತ್ತದೆ. ಗುಟ್ಕಾ ಚೀಟಿಯದು ಕೀರಲು. ಪಿನ್ನಿನದು ಗಂಟಲಲ್ಲೇ ನಿಂತ ಬಿಕ್ಕಳಿಕೆಯ ಹಾಗೆ, ಕುಟುಕ್ ಎಂದು ಅಲ್ಲೇ ಮುಗಿಯುತ್ತದೆ. ಬೈಸಿಕೊಂಡೂ ಬೈಸಿಕೊಂಡೂ ಆ ಸದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಬಳೆಯಿಂದ ಪಿನ್ನುಗಳನ್ನು ಬಿಚ್ಚಿ ಇವರ ಕೈಗೆ ಕೊಟ್ಟು, ಹೆಡ್‌ಫೋನ್ ಹಾಕಿಕೊಂಡು ಮಿಷನ್ನು ಹಿಡಿದೆ. ಮುಚ್ಚಳ, ಬಿಡು. ಚೀಟಿ, ಬಿಡು. ಮುಂದಿನ ಬುಟ್ಟಿ. ಯಾವುದಕ್ಕೂ ಬಗ್ಗಲಿಲ್ಲ, ನಿಲ್ಲಲಿಲ್ಲ. ಬುಟ್ಟಿ ತಂದು ತಂದು ರಾಮಯ್ಯನಿಗೆ ಏದುಸಿರು ಬಂತು. ಗುಂಡಿಯೊಳಗೆ ವಿಶ್ವನಾಥರ ಅಂಗಿ ಬೆನ್ನಿಗೆ ಅಂಟಿತ್ತು. ನೋಡುತ್ತ ನಿಂತಿದ್ದವರಲ್ಲಿ ನಾಲ್ಕು ಜನ ತಾವಾಗಿಯೇ ಬಂದು ಬುಟ್ಟಿ ಹಿಡಿದರು. ಐದು ಗಂಟೆಯ ಸಭೆಗೆಂದು ಬಂದ ಸಂಘದ ಪದಾಧಿಕಾರಿಗಳೂ ಎಲೆ ಹರಡಲು ಕೂತರು. ಸಭೆಯ ಮಾತನ್ನು ಯಾರೂ ಎತ್ತಲಿಲ್ಲ.

ಹತ್ತೊಂಬತ್ತನೆಯ ಬುಟ್ಟಿಯೋ ಇಪ್ಪತ್ತನೆಯದೋ. ಬಿಲ್ಲೆ ಎಡದಿಂದ ಬಲಕ್ಕೆ ಹೋಗುವಾಗ ಕುಟುಕ್ ಎಂದಿತು. ಬಲದಿಂದ ಎಡಕ್ಕೆ ತಂದೆ. ಕುಟುಕ್.

“ಎಲ್ಲರೂ ಸುಮ್ನಿರಿ,” ಎಂದೆ. ಕೂತು, ಒಂದು ಕಡ್ಡಿಯಿಂದ ಎಲೆಗಳನ್ನು ಒಂದೊಂದಾಗಿ ಸರಿಸಿದೆ. ಮಣ್ಣಿನ ಬಣ್ಣಕ್ಕೆ ತಿರುಗಿದ ಒಂದು ಪುಟ್ಟ ಬಟ್ಟೆಯ ಗಂಟು. ಅದರ ಕುತ್ತಿಗೆಗೆ ಚುಚ್ಚಿದ ಪಿನ್ನು ಇನ್ನೂ ಭದ್ರವಾಗಿ ಮುಚ್ಚಿಕೊಂಡೇ ಇತ್ತು.

ಗೆದ್ದೆ ಎಂದುಕೊಂಡೆ, ಹಾಗೆ ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ರಾಮಯ್ಯ ಕೈ ಚಾಚಿದ. ಅವನ ಕೈಯನ್ನು ಹಿಡಿದು ನಿಲ್ಲಿಸಿದೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದು ಎಂದು ಪ್ರೇಮಲೀಲಮ್ಮನವರೇ ಎಷ್ಟೋ ಸಲ ಹೇಳಿದ್ದರು. ಗುಂಡಿಯಿಂದ ಮೇಲೆ ಬಂದ ವಿಶ್ವನಾಥರೂ ಮುಟ್ಟಲಿಲ್ಲ. ಒಂದು ಕ್ಷಣ ಅದನ್ನೇ ನೋಡುತ್ತ ನಿಂತು, ಮನೆಯ ಕಡೆ ಓಡತೊಡಗಿದರು. ನಮ್ಮ ಯಜಮಾನರು ಅವರ ಹಿಂದೆಯೇ ಓಡಿದರು.

ಹತ್ತು ನಿಮಿಷದಲ್ಲಿ ಇಬ್ಬರೂ ಬಂದರು. ನಡುವೆ ಪ್ಲಾಸ್ಟಿಕ್ ಕುರ್ಚಿ, ಅದರ ಒಂದು ಕಡೆಗೆ ಇವರು, ಇನ್ನೊಂದು ಕಡೆಗೆ ಅವರು, ಮೇಲೆ ಪ್ರೇಮಲೀಲಮ್ಮನವರು. “ಎಡಕ್ಕೆ ಕಲ್ಲಿದೆ ಮಹದೇವು, ನೋಡ್ಕೊಂಡು,” ಎಂದು ವಿಶ್ವನಾಥ್ ಹೇಳುತ್ತಿದ್ದರು. “ನೀವು ನಿಮ್ಮ ಕಾಲು ನೋಡ್ಕೊಳಿ ಸಾರ್,” ಎಂದು ಇವರು ಹೇಳುತ್ತಿದ್ದರು. ಜನ ದಾರಿ ಬಿಟ್ಟರು. ಸುಷ್ಮಾ ತಂಬಿಗೆ ನೀರು, ವಿಭೂತಿ ಹಿಡಿದು ಹಿಂದೆ ಬಂದಳು.

ಕುರ್ಚಿಯಿಂದ ಇಳಿಸಿದಾಗ ಅವರಿಗೆ ನಿಲ್ಲಲಾಗಲಿಲ್ಲ. ನನ್ನ ಹೆಗಲು ಹಿಡಿದು ಮೆಲ್ಲಗೆ ಕೂತರು. ಗಂಟನ್ನು ಎತ್ತಿ, ಪಿನ್ನು ಬಿಚ್ಚಿ, ಬಟ್ಟೆ ಬಿಡಿಸಿದರು. ಕಪ್ಪಗೆ, ನುಣ್ಣಗೆ, ಒಂದು ಗೀರೂ ಆಗದೆ ಇತ್ತು. ಹಣೆಗೆ ಒತ್ತಿಕೊಂಡು ಏನೋ ಹೇಳಿಕೊಂಡರು, ನಮಗ್ಯಾರಿಗೂ ಕೇಳಿಸಲಿಲ್ಲ. ಆಮೇಲೆ ಮಗನ ಕಡೆ ತಿರುಗಿದರು.

“ಕರಡಿಗೆ ಲಷ್ಕರ್ ಮೊಹಲ್ಲಾದಲ್ಲದೆ. ನಾನೇ ಕದ್ದು ಹೋಗಿ ರಿಪೇರಿಗೆ ಕೊಟ್ಟೆ.”

“ಆಯ್ತು ಬುಡಮ್ಮ,” ಎಂದರು ವಿಶ್ವನಾಥ್. “ನಾಳೆ ಇಬ್ರೂ ಹೋಗಿ ಈಸ್ಕೊಂಡು ಬರಾಣ.” ಎಲ್ಲರ ಮುಂದೆ, ಗೊಬ್ಬರ ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡರು.

ಮನೆಗೆ ಹೋಗೋಣವೆಂದರೆ ಪ್ರೇಮಲೀಲಮ್ಮನವರು ಒಪ್ಪಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೈಕಾಲು ತೊಳೆಸಿಕೊಂಡು, ವಿಭೂತಿ ಇಟ್ಟುಕೊಂಡು, ಎಡಗೈಯಲ್ಲಿ ಲಿಂಗವಿಟ್ಟು ನೀರೆರೆದು, ರಾಮಯ್ಯ ಕಿತ್ತು ತಂದ ನಾಲ್ಕು ಕಣಗಿಲೆ ಹೂವು ಏರಿಸಿ ಪೂಜೆಗೆ ಕೂತರು. ಹೂವು ಕೀಳಬಾರದೆಂದು ಯಾರೂ ಹೇಳಲಿಲ್ಲ. ಅವರ ಕಣ್ಣು ಮುಚ್ಚಿತ್ತು, ಬೆನ್ನು ನೆಟ್ಟಗಾಗಿತ್ತು. ಬಟ್ಟೆಯನ್ನು ಮತ್ತೆ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಕೈ ಚಾಚಿ ನೀರು ಕೇಳಿದರು. ಒಂದು ಲೋಟ ಕುಡಿದರು, ಇನ್ನೊಂದು ಲೋಟ ಕುಡಿದರು. ಸುಷ್ಮಾ ಮನೆಯಿಂದ ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ತಂದು ಮುಂದಿಟ್ಟಳು.

ಮೊದಲ ತುತ್ತು ನುಂಗಿ ಅವರು ಸೊಸೆಯ ಮುಖ ನೋಡಿದರು.

“ಸಾರಿಗೆ ಉಪ್ಪು ಹಾಕೋದು ಮರ್ತಿದೀಯ ಕಣಮ್ಮ.”

ಸುಷ್ಮಾ ನಗುತ್ತಲೂ ಅಳುತ್ತಲೂ ಉಪ್ಪು ತರಲು ಓಡಿದಳು. ಪ್ರೇಮಲೀಲಮ್ಮನವರು ಉಪ್ಪಿಗೆ ಕಾಯದೆ ಎರಡನೆಯ ತುತ್ತು ಮುರಿದರು. ಅವರು ತಟ್ಟೆ ಖಾಲಿ ಮಾಡುವವರೆಗೂ ಪಾರ್ಕಿನಿಂದ ಒಬ್ಬರೂ ಕದಲಲಿಲ್ಲ.